ನಿಮ್ಮಲ್ಲಿ ಎಷ್ಟು ಇಂಚು?

ಮಳೆಗಾಲದಲ್ಲಿ ನಮ್ಮ ಕೊಪ್ಪದ ಕಡೆ ಯಾರೂ ಯಾರ ಕ್ಷೇಮವನ್ನೂ ವಿಚಾರಿಸುವುದಿಲ್ಲ. ಬೆಳಗ್ಗೆ ಫೋನ್ ಎತ್ತಿದರೆ ಮೊದಲ ಪ್ರಶ್ನೆಯೇ, ‘ನಿಮ್ಮಲ್ಲಿ ಎಷ್ಟು?’ ಸರ್ಕಾರ ಮಿಲಿಮೀಟರಿನಲ್ಲಿ ಅಳೆದುಕೊಳ್ಳಲಿ, ಇಲ್ಲಿ ಇಂದಿಗೂ ಕಾಫಿ ತೋಟದವರ ಇಂಚು-ಸೆಂಟುಗಳದ್ದೇ ಚಲಾವಣೆ. ನೂರು ಸೆಂಟು ಸೇರಿದರೆ ಒಂದು ಇಂಚು. ಹವಾಮಾನ ಇಲಾಖೆಯ ದಿನದ ಲೆಕ್ಕ ಬೆಳಗ್ಗೆ 8.30ಕ್ಕೆ ಮುಗಿಯುತ್ತದಂತೆ. ನಮ್ಮದು ಆಚೆಮನೆಯವರ ಲೆಕ್ಕ ಕೇಳುವ ತನಕ ಮುಗಿಯುವುದಿಲ್ಲ. ಗದ್ದೆ ಮುಳುಗಲಿ, ಧರೆ ಕುಸಿಯಲಿ, ಅವರಿಗಿಂತ ಹತ್ತು ಸೆಂಟಾದರೂ ಹೆಚ್ಚಿಗೆ ಸುರಿದಿರಬೇಕು. ಆಗುಂಬೆಯವರ ತಂಟೆಗೆ ಮಾತ್ರ ಯಾರೂ ಹೋಗುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿಸುವವರ ಜತೆ ಏನು ವಾದ?

ಒಂದು ಬೆಳಗ್ಗೆ ಆಚೆಮನೆಯ ಯಜಮಾನರು ‘ನಾಲ್ಕು ಇಂಚು’ ಎಂದರು. ನಮ್ಮದು ಮೂರಕ್ಕೂ ಮುಟ್ಟಿರಲಿಲ್ಲ. ನಡುವೆ ಇರುವುದು ಒಂದು ದಾಸವಾಳದ ಬೇಲಿ! ಹೋಗಿ ನೋಡಿದೆ. ಅವರ ಮಾಪಕದ ಆಲಿಕೆಯನ್ನು ಮಂಗಗಳು ಎಂದೋ ಕೊಂಡೊಯ್ದಿದ್ದವು. ತೆರೆದ ಕೊಳವೆಯೊಳಗೆ, ಮೂರರ ಗೆರೆಯ ಹಿಂದಿನಿಂದ, ಎರಡು ಉಬ್ಬುಗಣ್ಣುಗಳು ನನ್ನನ್ನೇ ನೋಡುತ್ತಿದ್ದವು. ‘ಕಪ್ಪೆಯನ್ನು ಕಳೆದು ಹೇಳಿ’ ಎಂದೆ. ಅವರು ಕದಲಲಿಲ್ಲ. ‘ಅದು ನಿನ್ನೆಯೇ ಬಂದಿದ್ದು. ನಿನ್ನೆಯ ಲೆಕ್ಕಕ್ಕೆ ಸೇರಿಸಿಯಾಗಿದೆ.’

ಅಜ್ಜಿಗೆ ಇಂಚೂ ಬೇಡ, ಮೊಬೈಲಿನ ಮೋಡದ ಚಿತ್ರವೂ ಬೇಡ. ಅವರದು ನಕ್ಷತ್ರಗಳ ಖಾತೆ. ಆರಿದ್ರೆ ಕೈಕೊಟ್ಟರೆ ಪುನರ್ವಸು, ಅದೂ ಕೈಕೊಟ್ಟರೆ ಪುಷ್ಯ. ಬಾಕಿ ಮುಂದಕ್ಕೆ ಹೋಗುತ್ತದೆಯೇ ಹೊರತು ಮನ್ನಾ ಆಗುವುದಿಲ್ಲ. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು’ ಎಂಬ ಗಾದೆಯನ್ನು ಅವರು ಹೇಳುವುದು ಸೌಟು ಹಿಡಿದುಕೊಂಡೇ. ಆಗಸ್ಟ್ ಕೊನೆಯ ಹೊತ್ತಿಗೆ ನನ್ನ ಪ್ಯಾಂಟುಗಳು ಬಿಗಿಯಾಗುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು, ಅವು ಒಣಗುವುದೇ ಇಲ್ಲ. ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ನೇತಾಡಿ ಹೊಗೆ ಕುಡಿದ ಅಂಗಿ ತೊಟ್ಟು ಬೆಂಗಳೂರಿನ ಮದುವೆಗೆ ಹೋದರೆ, ಪಂಕ್ತಿಯಲ್ಲಿ ಪಕ್ಕದವರು ‘ಏನೋ ಸೀದ ವಾಸನೆ’ ಎಂದು ಪಲ್ಯವನ್ನು ಮೂಸುತ್ತಾರೆ.

ನಿಜವಾದ ಪರೀಕ್ಷೆ ಅಡಿಕೆಯದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಕೆಲವು ಗಂಟೆಯಾದರೂ ಮಳೆ ಬಿಟ್ಟು ಹೊಳವಾಗಬೇಕು. ಹೊಳವಾದ ದಿನ ಮರ ಹತ್ತುವವನು ಬೇರೆಯವರ ತೋಟದಲ್ಲಿರುತ್ತಾನೆ. ಈ ಸಲ ಪುಷ್ಯದಲ್ಲಿ ಇಬ್ಬರೂ ಒಟ್ಟಿಗೆ ಸಿಕ್ಕರು, ಬಿಸಿಲೂ ಅವನೂ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ, ಸುಣ್ಣದ ತಿಳಿಗೆ ತುತ್ತದ ನೀರನ್ನು ನಿಧಾನವಾಗಿ ಸುರಿದ. ಕತ್ತಿಯ ಅಲಗನ್ನು ಅದ್ದಿ ಎತ್ತಿದ. ತಾಮ್ರದ ಕೆಂಪು ಹತ್ತಿರಲಿಲ್ಲ, ಅಂದರೆ ಹದ ಸರಿಯಾಗಿದೆ. ಆಕಾಶದಂಥದೇ ತಿಳಿನೀಲಿ ಡ್ರಮ್ಮಿನೊಳಗೆ.

ಮೊದಲ ಮರ ಏರುವಷ್ಟರಲ್ಲಿ ಮೇಲಿನ ನೀಲಿ ಮಾಯವಾಯಿತು. ಡ್ರಮ್ಮಿನದು ಉಳಿಯಿತು, ಆದರೆ ಅದನ್ನು ಅಂದೇ ಹೊಡೆದು ಮುಗಿಸಬೇಕು, ನಾಳೆಗಾಗುವುದಿಲ್ಲ. ಅವನು ಇಳಿದು ಬಂದು ಜಗಲಿಯಲ್ಲಿ ಕುಳಿತ. ಕಾಫಿ ಕುಡಿದ, ಮತ್ತೊಮ್ಮೆ ಕುಡಿದ, ಅಜ್ಜಿ ಕರಿದ ಹಲಸಿನ ಹಪ್ಪಳವನ್ನು ಡಬ್ಬಿ ತಳ ಕಾಣುವವರೆಗೆ ಮೆಲ್ಲಿದ. ಮಳೆ ನಿಲ್ಲಲಿಲ್ಲ. ‘ಇನ್ನು ಆಶ್ಲೇಷದಲ್ಲಿ ನೋಡೋಣ’ ಎಂದು ಎದ್ದವನು, ಮನೆಯಲ್ಲಿ ಕಡ್ಡಿ ಮುರಿಯದೆ ಉಳಿದಿದ್ದ ಒಂದೇ ಕೊಡೆಯನ್ನು ಬಿಡಿಸಿಕೊಂಡು ಹೊರಟ.