ಸ್ಪಷ್ಟನೆ: ಕಾರ್ಡ್‌ಲೆಸ್ ಫೋನನ್ನು ಆಗಾಗ ಚಾರ್ಜ್‌ಗೆ ಇಟ್ಟರೆ ಬ್ಯಾಟರಿ ಕೆಡುವುದಿಲ್ಲ

"ಕಾರ್ಡ್‌ಲೆಸ್ ಫೋನಿನ ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೆಯೇ ಸ್ಟ್ಯಾಂಡಿನಲ್ಲಿ ಇಡಿ, ಇಲ್ಲದಿದ್ದರೆ ಬಾಳಿಕೆ ಕುಗ್ಗುತ್ತದೆ" ಎಂಬ ಸಂದೇಶ ಕಚೇರಿಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಈಗಿನ ಫೋನುಗಳಿಗೆ ಇದು ಅನ್ವಯಿಸುವುದಿಲ್ಲ.

ಈ ಸಲಹೆ ಹಳೆಯ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಇಂದಿನ ಹ್ಯಾಂಡ್‌ಸೆಟ್‌ಗಳಲ್ಲಿ ಹೆಚ್ಚಾಗಿ ಇರುವುದು ನಿಕಲ್-ಮೆಟಲ್ ಹೈಡ್ರೈಡ್ ಅಥವಾ ಲಿಥಿಯಂ-ಅಯಾನ್. ಇವನ್ನು ಪದೇ ಪದೇ ಬರಿದು ಮಾಡುವುದೇ ಹಾನಿಕರ. ಮಾತು ಮುಗಿದ ಮೇಲೆ ಧಾರಾಳವಾಗಿ ಸ್ಟ್ಯಾಂಡಿಗೆ ಮರಳಿಸಿ. ಆಸ್ಪತ್ರೆಯ ವಾರ್ಡಿನಲ್ಲಿ "ಇನ್ನೂ ಖಾಲಿಯಾಗಿಲ್ಲ" ಎಂದು ಕಾಯುತ್ತ ಕುಳಿತು, ತುರ್ತು ಕರೆಯ ನಡುವೆ ಫೋನ್ ಆರಿಹೋದರೆ ಯಾರು ಹೊಣೆ?

ರಾತ್ರಿಯಿಡೀ ಇಟ್ಟರೂ ಚಾರ್ಜ್ ಏರದಿದ್ದರೆ ಬ್ಯಾಟರಿಯನ್ನು ದೂರುವ ಮೊದಲು ಹ್ಯಾಂಡ್‌ಸೆಟ್ಟಿನ ತಳ ನೋಡಿ. ಅಲ್ಲಿನ ಪುಟ್ಟ ಲೋಹದ ಪಟ್ಟಿಗಳ ಮೇಲೆ ಕೈಬೆವರು, ಧೂಳು ಸೇರಿ ಕಪ್ಪಗೆ ಕಟ್ಟಿರುತ್ತದೆ. ಸ್ಟ್ಯಾಂಡಿನ ಪ್ಲಗ್ ತೆಗೆದು, ಎರಡೂ ಕಡೆಯ ಪಟ್ಟಿಗಳನ್ನು ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ.

ಅದೇ ಸಂದೇಶದಲ್ಲಿರುವ "ಅಂಗಡಿಯ ಯಾವುದೇ ಎಎಎ ಸೆಲ್ ಹಾಕಬಹುದು" ಎಂಬ ಮಾತು ಮಾತ್ರ ನಿಜಕ್ಕೂ ಅಪಾಯಕಾರಿ. ಸಾಮಾನ್ಯ ಆಲ್ಕಲೈನ್ ಸೆಲ್‌ಗಳನ್ನು ಚಾರ್ಜ್ ಮಾಡಿದರೆ ಸೋರಬಹುದು, ಸಿಡಿಯಲೂಬಹುದು. ತಯಾರಕರು ಸೂಚಿಸಿದ ರೀಚಾರ್ಜಬಲ್ ಬ್ಯಾಟರಿಯನ್ನೇ ಹಾಕಿ.