ನಾಲ್ಕು ವೋಟು ಬಿದ್ದ ಬಗ್

"ಹೊಸ ಓಎಸ್‌ನ ಪ್ರಿವ್ಯೂ ಬಂದಿದೆಯಂತೆ, ಹಾಕ್ಕೊಳ್ಳಲಾ?" ಅಂತ ಈ ತಿಂಗಳು ನನ್ನನ್ನು ಕೇಳಿದವರು ಐದಾರು ಜನ. ಓಎಸ್ ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಪ್ರಿವ್ಯೂ ಅಂದರೆ ಅದು ಪೂರ್ತಿ ತಯಾರಾಗುವ ಮುಂಚೆ ಪರೀಕ್ಷೆಗೆ ಕೊಡುವ ಪ್ರತಿ. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. ಹಾಕ್ಕೊಳ್ಳಿ, ಆದರೆ ಕೆಟ್ಟಿದ್ದನ್ನು ಕೂತು ಬರೆದು ಕಳಿಸುವ ತಾಳ್ಮೆ ಇದ್ದರೆ ಮಾತ್ರ. ಇಲ್ಲದಿದ್ದರೆ ಸುಮ್ನೆ ಒಂದು ಭಾನುವಾರ ದಂಡ. ಈ ಉತ್ತರ ಯಾರಿಗೂ ಹಿಡಿಸಲಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾನೂ ಹಾಕಿಕೊಂಡಿದ್ದೇನೆ. ಯಾವ ಓಎಸ್, ಯಾವ ಕಂಪನಿ ಅಂತ ಕೇಳಬೇಡಿ, ಈ ಕಥೆಗೆ ಅದು ಬೇಕಾಗಿಲ್ಲ. ಮೂಲೆಗೆ ಬಿದ್ದಿದ್ದ ಹಳೇ ಲ್ಯಾಪ್‌ಟಾಪ್ ಒಂದಿತ್ತು. ಅದರಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಪೂರ್ತಿ ಒರೆಸಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಕೂತೆ. ಮೊದಲ ಅರ್ಧ ಗಂಟೆ ಹಬ್ಬ. ವಿಂಡೋ ಮುಚ್ಚಿದರೆ ಮೆಲ್ಲಗೆ ಕರಗಿ ಹೋಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎಲ್ಲವೂ ಜಾಗ ಬದಲಾಯಿಸಿ ಕೂತಿವೆ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಮಸುಕಾಗಿ ಎರಡು ಸಾಲು: ಇದು ಪರೀಕ್ಷೆಗೆ ಕೊಟ್ಟ ಪ್ರತಿ, ಬಿಲ್ಡ್ ನಂಬರ್ (ಎಷ್ಟನೇ ಆವೃತ್ತಿ ಅನ್ನೋ ಗುರುತು) ಇಷ್ಟು. ಅದನ್ನು ನೋಡಿದರೆ ಒಳಗೊಳಗೇ ಒಂದು ಜಂಬ. ಊರಿಗೆಲ್ಲ ಸಿಗುವ ಮುಂಚೆ ನನಗೆ ಸಿಕ್ಕಿದೆ ಅಲ್ವಾ? ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್‌ಗೆ ಹಾಕಿದ್ದೂ ಆಯಿತು. ಬಹಳ ಜನ ಪ್ರಿವ್ಯೂ ಹಾಕಿಕೊಳ್ಳುವುದೇ ಈ ಸ್ಕ್ರೀನ್‌ಶಾಟ್‌ಗೋಸ್ಕರ ಅಂತ ನನ್ನ ಅನುಮಾನ. ಬೇಜಾರಿಲ್ಲ, ನಾನೂ ಅದೇ ಗುಂಪಿನವನು.

ಮೂರನೇ ದಿನ ಲ್ಯಾಪ್‌ಟಾಪ್ ಮಡಚಿ ಬ್ಯಾಗಿಗೆ ಹಾಕಿದೆ. ಮಡಚಿದ ಮೇಲೆ ಅದು ಸ್ಲೀಪ್‌ಗೆ ಹೋಗಬೇಕು, ಹೋಗಿರುತ್ತದೆ ಅಂದುಕೊಂಡೆ. ಒಂದು ಗಂಟೆ ಬಿಟ್ಟು ಬ್ಯಾಗಿಗೆ ಕೈ ಹಾಕಿದರೆ ಕಾದ ಹೆಂಚು. ಫ್ಯಾನ್ ಬೊಬ್ಬೆ ಹೊಡೆಯುತ್ತಿತ್ತು. ನೂರು ಇದ್ದ ಬ್ಯಾಟರಿ 11ಕ್ಕೆ ಇಳಿದಿತ್ತು. ಪರದೆ ಮಾತ್ರ ಆರಿಸಿಕೊಂಡು, ಒಳಗೆ ಪೂರ್ತಿ ಎಚ್ಚರವಾಗಿಯೇ ಇತ್ತು ಪುಣ್ಯಾತ್ಮ.

ಇದನ್ನು ಹೇಳಿದಾಗ ಒಬ್ಬ ಗೆಳೆಯ, "ಥೂ, ಅಷ್ಟು ದೊಡ್ಡ ಕಂಪನಿ, ಇಷ್ಟೂ ನೋಡ್ಕೊಳ್ಳೋಕೆ ಆಗಲ್ವಾ?" ಅಂದ. ಆಗಲ್ಲ ಮಾರಾಯ, ಅದಕ್ಕೇ ನಮ್ಮ ಕೈಗೆ ಕೊಟ್ಟಿದ್ದಾರೆ. ನನ್ನ ಲ್ಯಾಪ್‌ಟಾಪಿನ ವೈಫೈ ಚಿಪ್ ಒಬ್ಬರದು, ಟಚ್‌ಪ್ಯಾಡ್ ಇನ್ನೊಬ್ಬರದು, ಬಯಾಸ್ (ಮೆಷಿನ್ ಆನ್ ಮಾಡಿದಾಗ ಮೊದಲು ಏಳುವ ತಂತ್ರಾಂಶ) ಎಷ್ಟೋ ವರ್ಷದಿಂದ ಅಪ್‌ಡೇಟ್ ಕಂಡಿಲ್ಲ. ಒಂದೊಂದೂ ಅದರಷ್ಟಕ್ಕೆ ಸರಿಯಾಗಿದೆ. ಮಡಚಿದ ಕ್ಷಣದಲ್ಲಿ ಎಲ್ಲವೂ ಒಟ್ಟಿಗೆ ಮಲಗಬೇಕು. ಅದರಲ್ಲಿ ಒಂದು ಡ್ರೈವರ್, ಅಂದರೆ ಆ ಭಾಗವನ್ನು ಓಎಸ್ ಜೊತೆ ಮಾತಾಡಿಸುವ ತಂತ್ರಾಂಶ, "ನಾನು ಒಲ್ಲೆ" ಅಂದರೂ ಮುಗಿಯಿತು. ಇದೇ ಜೋಡಣೆಯ ಮೆಷಿನ್ ಅವರ ಲ್ಯಾಬಿನಲ್ಲಿ ಇರಬೇಕಲ್ಲ? ಇರುವುದಿಲ್ಲ. ಆ ಮೆಷಿನ್ ಇರುವುದು ನನ್ನ ಮೇಜಿನ ಮೇಲೆ. ವರ್ಚುಯಲ್ ಮೆಷಿನ್ ಅಥವಾ ವಿಎಂ, ಅಂದರೆ ಕಂಪ್ಯೂಟರ್ ಒಳಗೇ ತಂತ್ರಾಂಶದಿಂದ ಮಾಡಿದ ನಕಲಿ ಕಂಪ್ಯೂಟರ್, ಅದರಲ್ಲಿ ಹಾಕಿ ನೋಡಿದ್ದರೆ ನನಗೆ ಈ ತಾಪತ್ರಯ ಇರುತ್ತಿರಲಿಲ್ಲ, ನಿಜ. ಆದರೆ ಈ ಬಗ್ (ತಂತ್ರಾಂಶದ ದೋಷ) ಕೂಡ ಸಿಗುತ್ತಿರಲಿಲ್ಲ. ಹೊಸ ಮೆನು ನೋಡಿ ಕಣ್ಣು ತಂಪು ಮಾಡಿಕೊಳ್ಳೋಕೆ ವಿಎಂ ಸಾಕು. ನಿಜವಾದ ಹಾರ್ಡ್‌ವೇರ್ ಮುನಿಸಿಕೊಳ್ಳುವುದನ್ನು ನೋಡಬೇಕು ಅಂದರೆ ನಿಜವಾದ ಹಾರ್ಡ್‌ವೇರೇ ಬೇಕು.

ಹಿಂದೆ ಹೀಗೆ ಪರೀಕ್ಷೆ ಮಾಡುವ ಭಾಗ್ಯಕ್ಕೆ ದುಡ್ಡು ಬೇರೆ ಕೊಡಬೇಕಿತ್ತು. 2000ದ ಸೆಪ್ಟೆಂಬರ್‌ನಲ್ಲಿ ಆಪಲ್ ಮ್ಯಾಕ್ ಓಎಸ್ ಟೆನ್‌ನ ಪಬ್ಲಿಕ್ ಬೀಟಾ (ಎಲ್ಲರಿಗೂ ಪರೀಕ್ಷೆಗೆ ಕೊಡುವ ಪ್ರತಿ) ಬಿಟ್ಟಾಗ ಅದರ ಸಿಡಿಗೆ 29.95 ಡಾಲರ್. ಕೊಂಡದ್ದು ಶಾಶ್ವತವೂ ಅಲ್ಲ. 2001ರ ಮೇ 15ಕ್ಕೆ ಅದರ ವಾಯಿದೆ ಮುಗಿಯಿತು. ಜನ ಕೊಂಡರು. ಆಸೆ ಅಂದರೆ ಹಾಗೇ.

2009ರ ಜನವರಿಯಲ್ಲಿ ವಿಂಡೋಸ್ 7ರ ಬೀಟಾ ಬಂತು. ಇದು ಪುಕ್ಕಟೆ, ಆದರೆ ಮೊದಲ 25 ಲಕ್ಷ ಜನಕ್ಕೆ ಮಾತ್ರ ಅಂದಿದ್ದರು. ಜನ ಮುಗಿಬಿದ್ದ ರಭಸಕ್ಕೆ ಮೈಕ್ರೋಸಾಫ್ಟ್‌ನ ಸರ್ವರ್‌ಗಳೇ ಸುಸ್ತಾದವು. ಕೊನೆಗೆ ಆ ಮಿತಿಯನ್ನೇ ತೆಗೆದರು. ಅದರ ವಾಲ್‌ಪೇಪರ್‌ನಲ್ಲಿ ಒಂದು ಮೀನಿತ್ತು. ಆ ಮೀನಿನ ಜಾತಿ ಬೆಟ್ಟಾ! ಬೀಟಾಕ್ಕೆ ಬೆಟ್ಟಾ ಮೀನು. ಇಂಥ ಕುಚೇಷ್ಟೆ ಈಗಿನ ಬಿಲ್ಡ್‌ಗಳಲ್ಲಿ ಕಾಣುವುದೇ ಇಲ್ಲ. ಅದೇ ಬೀಟಾದಲ್ಲಿ ಒಂದು ಕೆಟ್ಟ ಬಗ್ ಕೂಡ ಇತ್ತು. ಮೀಡಿಯಾ ಪ್ಲೇಯರ್ ಹಾಡಿನ ವಿವರ ತುಂಬಿಸುತ್ತೇನೆ ಅಂತ ಹೋಗಿ ಕೆಲವು ಎಂಪಿ3 ಫೈಲ್‌ಗಳ ಶುರುವಿನ ಒಂದಷ್ಟು ಸೆಕೆಂಡ್‌ಗಳನ್ನು ಕತ್ತರಿಸಿಬಿಡುತ್ತಿತ್ತು. ಗಮನಿಸಿ, ಹಾಳಾಗುತ್ತಿದ್ದದ್ದು ಓಎಸ್ ಅಲ್ಲ, ನಿಮ್ಮ ಹಾಡು. ಓಎಸ್ ಕೆಟ್ಟರೆ ಮತ್ತೆ ಹಾಕಬಹುದು. ಕತ್ತರಿಸಿದ ಫೈಲ್ ತಾನಾಗಿ ಬೆಳೆಯುವುದಿಲ್ಲ. ಬ್ಯಾಕಪ್ ಬ್ಯಾಕಪ್ ಅಂತ ಎಲ್ಲರೂ ಬಡಿದುಕೊಳ್ಳುವುದು ಇದಕ್ಕೇ.

ವಾಯಿದೆಯ ವಿಷಯವನ್ನೂ ಜನ ಮರೆಯುತ್ತಾರೆ. ವಿಂಡೋಸ್ 7ರ ಆರ್‌ಸಿ, ಅಂದರೆ ಬೀಟಾದ ನಂತರ ಬಂದ ಹೆಚ್ಚುಕಮ್ಮಿ ಕೊನೆಯ ಪ್ರತಿ, 2010ರ ಮಾರ್ಚ್ 1ರಿಂದ ಎರಡೆರಡು ಗಂಟೆಗೆ ತಾನಾಗಿಯೇ ಬಂದ್ ಆಗತೊಡಗಿತು. ಜೂನ್ 1ಕ್ಕೆ ಅದರ ಆಯುಸ್ಸೇ ಮುಗಿಯಿತು. ಬಾಡಿಗೆ ಮನೆಯಿಂದ ಎಬ್ಬಿಸುವಾಗ ಮೊದಲು ನೀರು ನಿಲ್ಲಿಸುತ್ತಾರಲ್ಲ, ಆ ಥರ. ಪ್ರಿವ್ಯೂ ಅನ್ನೋದು ಬಾಡಿಗೆ ಮನೆಯೇ. ಗೋಡೆಗೆ ಮೊಳೆ ಹೊಡೆಯುವ ಮುಂಚೆ ಯೋಚಿಸಿ.

ಈಗ ನನ್ನ ಎರಡನೇ ಬಗ್‌ಗೆ ಬರುತ್ತೇನೆ. ಇಷ್ಟೆಲ್ಲ ಬರೆಯೋಕೆ ಕಾರಣವೇ ಇದು.

ಫೋಲ್ಡರ್ ಮೇಲೆ ನಿಂತು ಎಫ್2 ಒತ್ತಿದರೆ ಹೆಸರು ಬದಲಾಯಿಸುವ ಸಣ್ಣ ಬಾಕ್ಸ್ ಬರುತ್ತದಲ್ಲ, ಅದರಲ್ಲಿ ಕನ್ನಡದಲ್ಲಿ "ರಾಷ್ಟ್ರ" ಅಂತ ಟೈಪ್ ಮಾಡಿದೆ. ಕಂಡದ್ದು "ರಾಷ್‌ಟ್‌ರ". ಒತ್ತುಗಳೆಲ್ಲ ಬಿಡಿಬಿಡಿಯಾಗಿ, ಮೆರವಣಿಗೆ ಹೊರಟ ಹಾಗೆ. ಎಂಟರ್ ಒತ್ತಿದ ತಕ್ಷಣ ಫೋಲ್ಡರ್‌ನ ಕೆಳಗೆ "ರಾಷ್ಟ್ರ" ಅಂತ ಸರಿಯಾಗಿಯೇ ಬಂತು. ಮತ್ತೆ ಎಫ್2, ಮತ್ತೆ ಮೆರವಣಿಗೆ. ಅದನ್ನೇ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಸರಿ ಇದೆ. ಅಂದರೆ ಒಳಗಿನ ಅಕ್ಷರಗಳು ಕೆಟ್ಟಿಲ್ಲ, ಕೀಬೋರ್ಡ್ ತಪ್ಪಿಲ್ಲ, ಫಾಂಟ್ ತಪ್ಪಿಲ್ಲ. ಆ ಒಂದು ಸಣ್ಣ ಬಾಕ್ಸ್ ಮಾತ್ರ ಒತ್ತಕ್ಷರ ಕೂಡಿಸುವ ಕೆಲಸವನ್ನು ಮಾಡುತ್ತಿಲ್ಲ. ಬಹುಶಃ ಅದನ್ನು ಹೊಸದಾಗಿ ಬರೆದವರು ಇಂಗ್ಲಿಷ್‌ನಲ್ಲಿ ನೋಡಿ, ಸರಿ ಇದೆ ಅಂತ ಎದ್ದು ಹೋಗಿರಬೇಕು.

ಇದನ್ನು ಪತ್ತೆ ಹಚ್ಚೋಕೆ ಹತ್ತು ನಿಮಿಷ ಹಿಡಿಯಿತು. ಬರೆದು ಕಳಿಸೋಕೆ ನಲವತ್ತು. ಏಕೆಂದರೆ "ಕನ್ನಡ ಸರಿಯಾಗಿ ಬರ್ತಿಲ್ಲ" ಅಂತ ಬರೆದರೆ ಯಾರಿಗೂ ಏನೂ ಪ್ರಯೋಜನ ಇಲ್ಲ. ಆ ಕಡೆ ಓದುವ ಎಂಜಿನಿಯರ್‌ಗೆ ಕನ್ನಡ ಬರದೇ ಇರಬಹುದು. ಅವರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಯಾವ ಬಿಲ್ಡ್, ಯಾವ ಕೀಬೋರ್ಡ್, ಏನು ಒತ್ತಿದೆ, ಏನು ಬರಬೇಕಿತ್ತು, ಏನು ಬಂತು, ಎಲ್ಲಾ ಬರೆದೆ. ಸರಿ ಇರುವ ಚಿತ್ರ, ತಪ್ಪಾದ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು, ತಪ್ಪಿರುವ ಜಾಗಕ್ಕೆ ಕೆಂಪು ಗೆರೆ ಹಾಕಿದೆ. ಕಳಿಸಿದೆ.

ಕಂಪನಿಗೆ ದೂರು ಕಳಿಸುವ ಆ ಜಾಗದಲ್ಲಿ ವೋಟಿನ ಪದ್ಧತಿ. ಒಬ್ಬರು ಬರೆದ ದೂರಿಗೆ, ನನಗೂ ಹೀಗೇ ಆಗ್ತಿದೆ ಅಂತ ಉಳಿದವರು ಒತ್ತಬೇಕು. ಟಾಸ್ಕ್‌ಬಾರ್‌ನ ಐಕಾನ್ ಎಡಗಡೆ ಇರಬೇಕೋ ನಡುವೆ ಇರಬೇಕೋ ಅನ್ನೋ ಜಗಳಕ್ಕೆ ಸಾವಿರಗಟ್ಟಲೆ ವೋಟು. ನನ್ನ "ರಾಷ್ಟ್ರ"ಕ್ಕೆ ಒಂದು ವಾರದ ನಂತರ ಒಂದು ವೋಟು. ಅದು ನನ್ನದೇ. ಗೆಳೆಯರ ಬೆನ್ನು ಹತ್ತಿ ನಾಲ್ಕು ಮಾಡಿಸಿದೆ.

ವೋಟು ಎಣಿಸಿ ಬಗ್‌ನ ತೂಕ ನೋಡುವುದು ಎಂಥ ಅಪಾಯ ಅನ್ನೋದಕ್ಕೆ ದೊಡ್ಡ ಉದಾಹರಣೆಯೇ ಇದೆ. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ 1809 ಅಪ್‌ಡೇಟ್ ಎಲ್ಲರಿಗೂ ಬಂತು. ಕೆಲವರು ತಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನು ಬೇರೆ ಜಾಗಕ್ಕೆ ತಿರುಗಿಸಿಟ್ಟಿದ್ದರು, ಆದರೆ ಹಳೇ ಜಾಗದಲ್ಲೂ ಒಂದಷ್ಟು ಫೈಲ್ ಉಳಿದಿದ್ದವು. ಅಪ್‌ಡೇಟ್ ಬಂದು ಆ ಹಳೇ ಫೋಲ್ಡರ್‌ಗಳನ್ನು ಖಾಲಿ ಅಂದುಕೊಂಡು ಗುಡಿಸಿ ಹಾಕಿತು. ಫೈಲ್ ಸಮೇತ! ಕೆಲವೇ ದಿನಕ್ಕೆ ಮೈಕ್ರೋಸಾಫ್ಟ್ ಅಪ್‌ಡೇಟ್ ನಿಲ್ಲಿಸಿ, ಸರಿಮಾಡಿ, ನವೆಂಬರ್‌ನಲ್ಲಿ ಮತ್ತೆ ಬಿಟ್ಟಿತು. ಬೇಸರದ ಸಂಗತಿ ಏನು ಗೊತ್ತಾ? ಪ್ರಿವ್ಯೂ ಬಳಸುತ್ತಿದ್ದ ಕೆಲವರು ಇದನ್ನು ಮೊದಲೇ ಬರೆದು ಕಳಿಸಿದ್ದರು. ವೋಟು ಜಾಸ್ತಿ ಬಿದ್ದಿರಲಿಲ್ಲ, ಹಾಗಾಗಿ ರಾಶಿಯ ಕೆಳಗೆ ಉಳಿಯಿತು. ಆಮೇಲೆ, ಈ ತೊಂದರೆ ಎಷ್ಟು ಗಂಭೀರ ಅಂತ ದೂರು ಕೊಡುವವರೇ ಗುರುತು ಮಾಡುವ ಸೌಲಭ್ಯವನ್ನು ಸೇರಿಸಿದರು. ಹೋದ ಫೈಲ್‌ಗಳ ಯಜಮಾನರಿಗೆ ಅದರಿಂದ ಏನು ಬಂತು, ಬಿಡಿ.

ಫೈಲ್ ಅಳಿಸುವ ಬಗ್‌ನ ಪಕ್ಕದಲ್ಲಿ ನನ್ನ ಒತ್ತಕ್ಷರ ಸಣ್ಣದು, ಒಪ್ಪುತ್ತೇನೆ. ಆದರೆ ಎರಡಕ್ಕೂ ಆಗುವ ಅನ್ಯಾಯ ಒಂದೇ. ಅನುಭವಿಸುವವರು ಕಡಿಮೆ ಜನ, ಆದ್ದರಿಂದ ಕೇಳುವವರೂ ಕಡಿಮೆ. ಕನ್ನಡದಲ್ಲಿ ಫೋಲ್ಡರ್ ಹೆಸರಿಡುವವರು ಎಷ್ಟು ಜನ? ಅದರಲ್ಲಿ ಪ್ರಿವ್ಯೂ ಹಾಕಿಕೊಂಡವರು ಎಷ್ಟು? ಅದರಲ್ಲೂ ಬರೆದು ಕಳಿಸುವವರು?

ಎಲ್ಲ ಕಡೆ ಹೀಗೇ ಅಂತಲ್ಲ. 1991ರ ಆಗಸ್ಟ್ 25ರಂದು 21 ವರ್ಷದ ಲಿನಸ್ ಟೋರ್ವಾಲ್ಡ್ಸ್ ಮಿನಿಕ್ಸ್ ಅನ್ನೋ ಓಎಸ್ ಬಳಸುವವರಿಗೆ ಒಂದು ಸಂದೇಶ ಹಾಕಿದ್ದರು. ಸುಮ್ನೆ ಹವ್ಯಾಸಕ್ಕೆ ಒಂದು ಓಎಸ್ ಮಾಡುತ್ತಿದ್ದೇನೆ, ಮಿನಿಕ್ಸ್‌ನಲ್ಲಿ ಏನು ಇಷ್ಟ, ಏನು ಇಷ್ಟ ಇಲ್ಲ ಹೇಳಿ, ಮಾಡುತ್ತೇನೆ ಅಂತ ಮಾತು ಮಾತ್ರ ಕೊಡಲ್ಲ ಅನ್ನೋ ಧಾಟಿಯಲ್ಲಿ. ಅದೇ ಮುಂದೆ ಲಿನಕ್ಸ್ ಆಯಿತು. ಇವತ್ತಿಗೂ ಲಿನಕ್ಸ್ ಕರ್ನಲ್‌ನ (ಓಎಸ್‌ನ ತಿರುಳಿನ) ಪ್ರತಿ ಬಿಡುಗಡೆಗೆ ಮುಂಚೆ ವಾರಕ್ಕೊಂದರಂತೆ ಏಳೆಂಟು ಆರ್‌ಸಿ ಬರುತ್ತವೆ. ಅಲ್ಲಿ ವೋಟು ಗೀಟು ಇಲ್ಲ. ದೂರು ನೇರವಾಗಿ ಆ ಭಾಗ ನೋಡಿಕೊಳ್ಳುವವರ ಮೇಲ್‌ಗೆ ಹೋಗುತ್ತದೆ. ಬೈಸಿಕೊಳ್ಳುವುದೂ ಉಂಟು. ಆದರೆ ಬೈದಿದ್ದಾರೆ ಅಂದರೆ ಓದಿದ್ದಾರೆ ಅಂತ ಅರ್ಥ ಅಲ್ವಾ!

ಇನ್ನು "ಮೇನ್ ಲ್ಯಾಪ್‌ಟಾಪ್‌ಗೇ ಹಾಕ್ಲಾ?" ಅನ್ನುವವರಿಗೆ: ಬೇಡ. ಪ್ರಿವ್ಯೂನಿಂದ ಹಿಂದಕ್ಕೆ ಬರಬೇಕು ಅಂದರೆ ಎಷ್ಟೋ ಸಲ ಪೂರ್ತಿ ಒರೆಸಿ ಹಾಕುವುದೊಂದೇ ದಾರಿ. ಆ ಪ್ರಿವ್ಯೂ ನಿಮ್ಮ ಬಳಕೆಯ ವಿವರಗಳನ್ನು ಮಾಮೂಲಿಗಿಂತ ಜಾಸ್ತಿ ಕಂಪನಿಗೆ ಕಳಿಸಬಹುದು, ಅದನ್ನೂ ಓದಿಕೊಳ್ಳಿ. ಫೋನಿಗಂತೂ ಹಾಕಲೇಬೇಡಿ, ಹಣದ ಆ್ಯಪ್‌ಗಳು ಬೀಟಾ ಕಂಡರೆ ಬಾಗಿಲು ಹಾಕಿಕೊಳ್ಳುವುದುಂಟು.

ಮೊನ್ನೆ ಹೊಸ ಬಿಲ್ಡ್ ಬಂತು. ಬದಲಾವಣೆಗಳ ಪಟ್ಟಿಯ ನಡುವೆ ಒಂದು ಸಾಲು: ಕೆಲವು ಲ್ಯಾಪ್‌ಟಾಪ್‌ಗಳು ಮಡಚಿದಾಗ ಸ್ಲೀಪ್‌ಗೆ ಹೋಗದಿದ್ದ ತೊಂದರೆ ಸರಿಮಾಡಲಾಗಿದೆ. ಮಡಚಿ ಬ್ಯಾಗಿಗೆ ಹಾಕಿ ಒಂದು ಗಂಟೆ ಬಿಟ್ಟು ತೆಗೆದೆ. ತಣ್ಣಗಿತ್ತು. ಬ್ಯಾಟರಿ 98. ಆ "ಕೆಲವು ಲ್ಯಾಪ್‌ಟಾಪ್"ಗಳಲ್ಲಿ ನನ್ನದೂ ಒಂದು ಅಂತ ಇಡೀ ಸಂಜೆ ಬೀಗಿದೆ.

ಆಮೇಲೆ ಎಫ್2 ಒತ್ತಿ ನೋಡಿದೆ. ರಾಷ್‌ಟ್‌ರ. ನನ್ನ ದೂರಿನ ಮುಂದೆ ಇನ್ನೂ ನಾಲ್ಕೇ ವೋಟು, "ಪರಿಶೀಲನೆಯಲ್ಲಿದೆ" ಅಂತ ಬರೆದಿದೆ. ಹೊಸ ಬಿಲ್ಡ್‌ನ ಸ್ಕ್ರೀನ್‌ಶಾಟ್ ತೆಗೆದು, ಕೆಂಪು ಗೆರೆ ಹಾಕಿ, ಅದರ ಕೆಳಗೇ ಅಂಟಿಸಿ ಬಂದಿದ್ದೇನೆ.