ಬೆನ್ನಿನ ನೀರು ತೆಗೆಯಬೇಕು ಅಂದಾಗ

ತಂಗಿಯ ಮಗುವಿಗೆ ಆಗ 12 ದಿನ. ಉಡುಪಿಯ ಒಂದು ಆಸ್ಪತ್ರೆಯಲ್ಲಿ ಎನ್‌ಐಸಿಯು (ಹಸುಗೂಸುಗಳ ತೀವ್ರ ನಿಗಾ ಘಟಕ) ಹೊರಗೆ ನಾವು ನಾಲ್ಕು ಜನ ಒಂದು ಕಾಗದ ಹಿಡಿದು ಕೂತಿದ್ದೆವು. ಮಗುವಿನ ಬೆನ್ನಿನಿಂದ ನೀರು ತೆಗೆಯಲು ಒಪ್ಪಿಗೆ ಪತ್ರ.

ಮಗುವಿಗೆ ಜ್ವರವೇ ಇರಲಿಲ್ಲ ಮಾರಾಯ್ರೆ. ಹಾಲು ಎಳೆಯುತ್ತಿರಲಿಲ್ಲ, ಎಬ್ಬಿಸಿದರೂ ತೂಕಡಿಕೆ, ಕೈಕಾಲು ತಣ್ಣಗೆ. ಅಷ್ಟೇ. ರಕ್ತದಲ್ಲಿ ನಂಜು ಇರುವ ಹಾಗಿದೆ, ಮೆದುಳಿನ ಪೊರೆಗೂ ಹೋಗಿದೆಯಾ ನೋಡಬೇಕು ಅಂದರು. ಮೆದುಳಿನ ಸುತ್ತ ಇರುವ ನೀರೇ ಬೆನ್ನುಹುರಿಯ ಸುತ್ತಲೂ ಇರುತ್ತದೆ, ಅದಕ್ಕೇ ಬೆನ್ನಿನಿಂದ ತೆಗೆಯುವುದು. ದೊಡ್ಡವರಿಗಾದರೆ ಕುತ್ತಿಗೆ ಬಿಗಿಯುತ್ತದೆ, ತಲೆನೋವು ಅಂತ ಬಾಯಿಬಿಟ್ಟು ಹೇಳುತ್ತಾರೆ. ಹಸುಗೂಸು ಎಂತ ಹೇಳುತ್ತದೆ?

"ಬೆನ್ನಿಗೆ ಸೂಜಿ ಹಾಕಿದರೆ ಮಗು ನಡೆಯುವುದೇ ಇಲ್ಲವಂತೆ" ಅಂದರು ತಂಗಿಯ ಅತ್ತೆ. ದುಬೈಯಿಂದ ಭಾವನ ಫೋನು: "ಸೈನ್ ಹಾಕಬೇಡಿ, ಮೊದಲು ಬ್ಲಡ್ ರಿಪೋರ್ಟ್ ಬರಲಿ." ನಾನೂ ಹೂಂ ಅಂದೆ. ಸುಳ್ಳು ಯಾಕೆ ಹೇಳಲಿ.

ಈಗ ನೆನೆಸಿದರೆ ನಗು ಬರುತ್ತದೆ. ಅದಕ್ಕೆ 12 ದಿನ ಮೊದಲು ಸಿಸೇರಿಯನ್‌ಗೆ ಅಂತ ತಂಗಿಯ ಬೆನ್ನಿಗೇ ಇಂಜೆಕ್ಷನ್ ಕೊಟ್ಟಿದ್ದರು. ಆಗ ಯಾರೂ ಚಕಾರ ಎತ್ತಿರಲಿಲ್ಲ. ಹೆಚ್ಚುಕಡಿಮೆ ಅದೇ ಜಾಗ. ಅಲ್ಲಿ ಮದ್ದು ಒಳಗೆ ಹೋಗುತ್ತದೆ, ಇಲ್ಲಿ ಕೆಲವು ಹನಿ ನೀರು ಹೊರಗೆ ಬರುತ್ತದೆ. ಜರ್ಮನಿಯ ಕ್ವಿಂಕೆ ಎಂಬ ವೈದ್ಯ 1891ರಲ್ಲೇ ತೋರಿಸಿಕೊಟ್ಟ ವಿಧಾನ ಇದು. ಮಗುವಿನ ಬೆನ್ನುಹುರಿ ನಮ್ಮದಕ್ಕಿಂತ ತುಸು ಕೆಳಗಿನವರೆಗೆ ಇರುತ್ತದೆ. ಅದಕ್ಕೇ ಸೂಜಿಯನ್ನು ಅದಕ್ಕೂ ಕೆಳಗೆ, ಸೊಂಟದ ಎಲುಬುಗಳ ನಡುವೆ ಹಾಕುತ್ತಾರೆ. ಅಲ್ಲಿ ಹುರಿ ಇಲ್ಲ. ತೆಗೆದ ನೀರನ್ನು ದೇಹ ಮತ್ತೆ ತುಂಬಿಕೊಳ್ಳುತ್ತದೆ.

ಇದನ್ನು ನಮಗೆ ಅವತ್ತು ಯಾರೂ ಹೇಳಲಿಲ್ಲ. "ಎಲ್‌ಪಿ ಮಾಡಬೇಕು, ಇಲ್ಲಿ ಸೈನ್" ಅಂದು ಹೋದರು. ಎಲ್‌ಪಿ ಅಂದರೆ ಲಂಬಾರ್ ಪಂಕ್ಚರ್, ಇದೇ ಬೆನ್ನಿನ ನೀರು ತೆಗೆಯುವುದು. ಕೆಲಸದ ಒತ್ತಡ ಇರುತ್ತದೆ, ಒಪ್ಪುತ್ತೇನೆ. ಆದರೆ ಎರಡು ನಿಮಿಷ ನಿಂತು ಹೇಳಿದ್ದರೆ ಅರ್ಧ ದಿನ ಉಳಿಯುತ್ತಿತ್ತು, ಅಲ್ವಾ? ಕೊನೆಗೆ ರಾತ್ರಿ ಪಾಳಿಯ ನರ್ಸ್ ಒಬ್ಬರು ತುಳುವಿನಲ್ಲೇ ಅತ್ತೆಗೆ ಬಿಡಿಸಿ ಹೇಳಿದರು. ಆಗ ಸೈನ್ ಬಿತ್ತು.

ಅಷ್ಟರಲ್ಲಿ ಆಂಟಿಬಯಾಟಿಕ್ ಶುರುವಾಗಿ ಗಂಟೆಗಟ್ಟಲೆ ಆಗಿತ್ತು. ಅದನ್ನು ನಮ್ಮ ಸಹಿಗೆ ಕಾಯಿಸುವ ಹಾಗಿಲ್ಲ, ಸರಿಯೇ. ಆದರೆ ಮದ್ದು ಹೋದ ಮೇಲೆ ಆ ನೀರಿನಲ್ಲಿ ರೋಗಾಣು ಬೆಳೆಯದೆ ಇರಬಹುದು. ನಮಗೆ ಆದದ್ದೂ ಅದೇ. ಭಾವ ಕಾಯುತ್ತಿದ್ದ ಬ್ಲಡ್ ಕಲ್ಚರ್‌ನಲ್ಲೂ (ರಕ್ತದಲ್ಲಿ ರೋಗಾಣು ಬೆಳೆಯುತ್ತದಾ ನೋಡುವ ಪರೀಕ್ಷೆ) ಏನೂ ಬರಲಿಲ್ಲ. ಬೆನ್ನಿನ ನೀರಿನಲ್ಲಿ ಮಾತ್ರ ಬಿಳಿ ರಕ್ತಕಣ ಜಾಸ್ತಿ, ಸಕ್ಕರೆ ಕಡಿಮೆ. ಅದು ನಂಜಿನ ಗುರುತು. ರಕ್ತ ಚೊಕ್ಕ ಇದ್ದರೂ ಮೆದುಳಿನ ಪೊರೆಯಲ್ಲಿ ನಂಜು ಇರಬಹುದು ಅಂತ ನನಗೆ ಗೊತ್ತಾದದ್ದೇ ಆಗ. ಬರೀ ರಕ್ತದ ನಂಜಾದರೆ ಸಾಮಾನ್ಯವಾಗಿ 7ರಿಂದ 10 ದಿನದ ಮದ್ದು. ಇದಕ್ಕೆ ಎರಡು ಮೂರು ವಾರ. ಯಾವ ರೋಗಾಣು ಅಂತ ಗೊತ್ತಾಗದ ಕಾರಣ ನಮ್ಮ ಕೂಸಿಗೆ ಪೂರಾ 21 ದಿನ ಹಾಕಿದರು. ಬ್ಲಡ್ ರಿಪೋರ್ಟ್ ಮಾತ್ರ ನಂಬಿದ್ದರೆ ಅರ್ಧದಲ್ಲೇ ಮನೆಗೆ ಕರೆದುಕೊಂಡು ಬರುತ್ತಿದ್ದೆವು.

ಎಲ್ಲ ಮಗುವಿಗೂ ಇದು ಬೇಕು ಅಂತಲ್ಲ. ಉಸಿರಾಟ ತೀರಾ ಕೆಟ್ಟಿದ್ದರೆ, ಪ್ಲೇಟ್‌ಲೆಟ್ ಇಳಿದಿದ್ದರೆ ಡಾಕ್ಟರೇ ಮುಂದೂಡುತ್ತಾರೆ. ಅದು ಅವರ ಲೆಕ್ಕ. ನಮ್ಮದು "ನಡೆಯುವುದಿಲ್ಲವಂತೆ" ಎಂಬ ಅಂತೆಕಂತೆ.

ಮುಂದಿನ ವಾರ ಮಗುವಿಗೆ ಬೇರಾ ಟೆಸ್ಟ್, ಅಂದರೆ ಕಿವಿ ಕೇಳಿಸುತ್ತದಾ ನೋಡುವ ಪರೀಕ್ಷೆ, ಇದೆ. ಈ ಕಾಯಿಲೆ ಕೆಲವು ಮಕ್ಕಳ ಕಿವಿಗೆ ಪೆಟ್ಟು ಕೊಡುತ್ತದಂತೆ. ಈ ಸಲ ಫಾರ್ಮಿಗೆ ಮೊದಲು ಸೈನ್ ಹಾಕಿದ್ದು ಅತ್ತೆಯೇ.